ಉಸ್ತಾದ್ ಇಲ್ಲದ ಬೆಂಚು

ಕಳೆದ ವಾರ ಟಿಕೋಟಾದಲ್ಲಿ ಬಸ್ಸಿಳಿದು ಅವ್ವನ ಮನೆಯ ಕಡೆ ನಡೆಯುತ್ತಿದ್ದೆ. ಊರ ಹೊರಗಿನ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಲು ಹಾಕಿದ್ದರು. ಗಾಳಿ ತಿರುಗಿದ್ದೇ ತಡ, ಗಂಧಕದ ಹೊಗೆಯೂ ಹಣ್ಣಿನ ಸಿಹಿಯೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಉಳಿದವರಿಗೆ ಅದು ಒಣದ್ರಾಕ್ಷಿಯ ವಾಸನೆ, ಸುಗ್ಗಿಯ ವಾಸನೆ. ನನ್ನ ಹೆಜ್ಜೆ ಮಾತ್ರ ಬಿರುಸಾಗುತ್ತದೆ. ಎಲ್ಲಿಗೋ ತಡವಾಗಿದೆ, ಯಾರೋ ಕಾಯುತ್ತಿದ್ದಾರೆ, ಇನ್ನು ಹತ್ತು ನಿಮಿಷಕ್ಕೆ ಆಟ ಶುರುವಾಗುತ್ತದೆ ಎನ್ನಿಸುತ್ತದೆ. ಮನೆ ಮುಟ್ಟುವಷ್ಟರಲ್ಲಿ ನಾನು ಹೆಚ್ಚುಕಡಿಮೆ ಓಡುತ್ತಿದ್ದೆ.

"ಯಾಕ ಬೇ, ಯಾರರ ಬೆನ್ನ ಹತ್ಯಾರೇನ?" ಅಂದಳು ಅವ್ವ.

ಯಾರೂ ಇರಲಿಲ್ಲ. ಆರು ವರ್ಷದ ಹಿಂದಿನ ಒಂದು ವರ್ಷ ನೆನಪಾಗಿತ್ತು, ಅಷ್ಟೇ. ನಮ್ಮ ಡೋಣಿ ಫುಟ್‌ಬಾಲ್ ಕ್ಲಬ್ಬು ರಾಜ್ಯದ ಮೊದಲ ದರ್ಜೆಗೆ ಏರಿದ ವರ್ಷ ಅದು. ನನ್ನ ಗುರುವನ್ನು ನಾನೇ ಮೈದಾನದಿಂದ ಹೊರಗೆ ಕಳಿಸಿದ ವರ್ಷವೂ ಅದೇ.

ಡೋಣಿ ಹೊಳೆಯ ಹೆಸರು ಹೊತ್ತ ಕ್ಲಬ್ಬು ಹುಟ್ಟಿದ್ದು ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ರೇಡಿಯೇಟರ್ ಅಂಗಡಿಯಲ್ಲಿ. ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರಿಗೆ ಬೆಸುಗೆ ಹಾಕುವ ದಸ್ತಗೀರ ಅದರ ಮಾಲೀಕರು. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಶುಕ್ರವಾರ ಅಂಗಡಿ ಮುಚ್ಚಿ, ನಮಾಜು ಮುಗಿಸಿ, ಅಕ್ಕಪಕ್ಕದ ಗ್ಯಾರೇಜಿನವರನ್ನು ಕೂಡಿಸಿಕೊಂಡು ಇಟ್ಟಂಗಿಹಾಳದ ಕಡೆ ಖಾಲಿ ಬಿದ್ದ, ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಚೆಂಡು ಒದೆಯಲು ಹೋಗುತ್ತಿದ್ದರು. ಬೇಸಿಗೆಯಲ್ಲಿ ಆ ನೆಲ ಬಾಯಿಬಿಟ್ಟರೆ ಪಾದ ಪೂರ್ತಿ ಒಳಗೆ ಹೋಗುವಂಥ ಬಿರುಕು. ಸಾರವಾಡದ ರೈತರ ಮನೆಯ ಹುಡುಗ ಮಲ್ಲು ಒಂದು ದಿನ ರೇಡಿಯೇಟರ್ ರಿಪೇರಿಗೆಂದು ಟ್ರ್ಯಾಕ್ಟರ್ ತಂದವನು, ಮರುವಾರ ಅದೇ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಗರಸು ಮಣ್ಣು ಹೇರಿಕೊಂಡು ಬಂದು ಬಿರುಕು ಮುಚ್ಚಿದ. ಹತ್ತಾರು ಸಲ ಹೇರಿ ನೆಲ ಸಪಾಟು ಮಾಡಿ, ಆಮೇಲೆ ಚಪ್ಪಲಿ ಬಿಟ್ಟು ಆಟಕ್ಕಿಳಿದ. ಎತ್ತರದ ಆಳು. ಗೋಲಿನ ಮುಂದೆ ನಿಂತರೆ ದಾಟುವುದು ಕಷ್ಟ. ಕೆಲವೇ ವರ್ಷಗಳಲ್ಲಿ ತಂಡದ ನಾಯಕನಾದ.

ನಾನು ಸೇರಿದ್ದು ಏಳನೇ ಇಯತ್ತೆಯಲ್ಲಿದ್ದಾಗ. ಅಪ್ಪ ಉಸ್ತಾದರ ಅಂಗಡಿಯ ಪಕ್ಕದ ಟಾಯರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ರಜೆಯಲ್ಲಿ ಅವನ ಜೊತೆ ಹೋದವಳು ಮೈದಾನಕ್ಕೂ ಹೋದೆ. ನಾನು ಆಡುತ್ತೇನೆ ಅಂದಾಗ ಎಲ್ಲರೂ ನಕ್ಕರು. ಉಸ್ತಾದ್ ನಗಲಿಲ್ಲ. "ಹುಡುಗಿ ಬಂದಾಳಂತ ಯಾರೂ ಕಾಲ ಹಗೂರ ಮಾಡಬ್ಯಾಡ್ರಿ" ಅಂದರು, ಅಷ್ಟೇ. ಯಾರೂ ಹಗುರ ಮಾಡಲಿಲ್ಲ. ಮೊಣಕಾಲಿನ ಮೇಲೆ ಈಗಲೂ ಗುರುತಿದೆ.

ಮುಂದೆ ನಾನು ದೈಹಿಕ ಶಿಕ್ಷಣದ ಪದವಿ ಮಾಡಿ ಬಬಲೇಶ್ವರದ ಒಂದು ಹೈಸ್ಕೂಲಿಗೆ ಟೀಚರಾದೆ. ಸಾಲೆ ಬಿಟ್ಟೊಡನೆ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು ಉಸ್ತಾದರ ಜೊತೆ ತಂಡಕ್ಕೆ ತರಬೇತಿ ಕೊಡುತ್ತಿದ್ದೆ. ಜಿಲ್ಲೆಯಲ್ಲಿ ಗೆದ್ದೆವು. ಆಮೇಲೆ ವಿಭಾಗದಲ್ಲಿ. ಆಮೇಲೆ ರಾಜ್ಯದ ಎರಡನೇ ದರ್ಜೆಯಲ್ಲಿ ಮೂರು ವರ್ಷ ಒದ್ದಾಡಿ ಗೆದ್ದೆವು. ಟಿಕೋಟಾದ ದೊಡ್ಡ ದ್ರಾಕ್ಷಿ ಬೆಳೆಗಾರರೊಬ್ಬರು, ಎಲ್ಲರೂ ಸಾವ್ಕಾರ್ರು ಎನ್ನುವವರು, ಕ್ಲಬ್ಬಿನ ಅಧ್ಯಕ್ಷರಾದರು. ಎರಿ ಹೊಲದಲ್ಲಿ ಹುಲ್ಲು ಬಂತು, ಸುತ್ತ ತಂತಿ ಬೇಲಿ ಬಂತು, ಆಟಗಾರರ ಕೈಗೆ ಕರಾರು ಪತ್ರ ಬಂತು. ಗೋವಾದಿಂದ, ಮಣಿಪುರದಿಂದ ಹುಡುಗರು ಬಂದರು. ಗ್ಯಾರೇಜಿನವರ ಶುಕ್ರವಾರದ ಆಟ ಈಗ ವೃತ್ತಿಪರ ಕ್ಲಬ್ಬು.

ಅದರ ಜೊತೆಗೇ ಒಂದು ನಿಯಮವೂ ಬಂತು. ಮೊದಲ ದರ್ಜೆಯಲ್ಲಿ ಆಡುವ ತಂಡದ ಮುಖ್ಯ ಕೋಚ್ ಬಳಿ ಲೈಸೆನ್ಸ್ ಇರಲೇಬೇಕು. ಉಸ್ತಾದರ ಬಳಿ ಇರಲಿಲ್ಲ.

ಧಾರವಾಡದಲ್ಲಿ ಅದಕ್ಕೊಂದು ಕೋರ್ಸು ಇತ್ತು. ದ್ರಾಕ್ಷಿ ಸುಗ್ಗಿಯ ದಿನಗಳಲ್ಲೇ ನಾವಿಬ್ಬರೂ ಹೋದೆವು. ಮೈದಾನದ ಪಾಠದಲ್ಲಿ ಉಸ್ತಾದರನ್ನು ಮೀರಿಸುವವರು ಯಾರೂ ಇರಲಿಲ್ಲ. ಒಮ್ಮೆ ಆಟ ನಿಲ್ಲಿಸಿ, ಮೂವರು ಹುಡುಗರನ್ನು ತೋಳು ಹಿಡಿದು ಎರಡೆರಡು ಹೆಜ್ಜೆ ಸರಿಸಿದರು. ಮತ್ತೆ ಶುರುವಾದಾಗ ಅದು ಬೇರೆಯದೇ ಆಟವಾಗಿತ್ತು. ಕಲಿಸಲು ಬಂದವರೇ ನೋಟ್‌ಬುಕ್ಕು ತೆಗೆದರು.

ಕೊನೆಯ ದಿನ ಬರವಣಿಗೆಯ ಪರೀಕ್ಷೆ. ಕನ್ನಡದಲ್ಲೇ ಬರೆಯಬಹುದಿತ್ತು. ಅರ್ಧ ತಾಸಾಗಿತ್ತೋ ಇಲ್ಲವೋ, ನನ್ನ ಮುಂದಿನ ಸಾಲಿನಲ್ಲಿ ಉಸ್ತಾದ್ ಎದ್ದು ನಿಂತರು. ಪೇಪರನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಪೇಪರು ಖಾಲಿ ಇರುವುದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದು ಹೋಗಿ ಅವರನ್ನು ಕರೆಯಬೇಕು ಅನ್ನಿಸಿತು. ಆದರೆ ನಾನು ಬರೆಯುವುದನ್ನು ನಿಲ್ಲಿಸಲಿಲ್ಲ.

ಹೊರಗೆ ಚಹಾದ ಅಂಗಡಿಯಲ್ಲಿ ಸಿಕ್ಕರು. "ಯಾಕ್ರಿ ಉಸ್ತಾದ್, ಎದ್ದ ಬಂದ್ರಿ?" ಅಂದೆ.

"ಪ್ರಶ್ನಿ ತಿಳೀತು. ಉತ್ತರಾನೂ ಗೊತ್ತಿತ್ತು. ಕೈ ಏಳಲಿಲ್ಲ ನೋಡು" ಅಂದರು. "ಏಳನೇತ್ತಾಕ ಸಾಲಿ ಬಿಟ್ಟ ಮ್ಯಾಲ ಗಿರಾಕಿಗೆ ರಸೀದಿ ಬರಕೊಡೂದ ಬಿಟ್ರ ಏನೂ ಬರದಿಲ್ಲ ನಾನು. ಅಷ್ಟ ದೊಡ್ಡ ಬಿಳಿ ಹಾಳಿ ನೋಡಿ ಅಂಜಿಕಿ ಬಂತು."

ನಾನು ಪಾಸಾದೆ. ಅವರು ಆಗಲಿಲ್ಲ.

ಟಿಕೋಟಾದ ತಮ್ಮ ದ್ರಾಕ್ಷಿ ಶೆಡ್ಡಿನಲ್ಲಿ ಸಭೆ ಕರೆದ ಸಾವ್ಕಾರ್ರು, ಹೊರಗಿನಿಂದ ಯಾರನ್ನಾದರೂ ಕರೆಸೋಣ ಅಂದರು. ಉಸ್ತಾದ್ ತಲೆ ಎತ್ತಿದರು. "ಮನ್ಯಾಗ ಒಬ್ಬಾಕಿ ಪಾಸಾಗಿ ಕುಂತಾಳ. ಹೊರಗಿನಾಂವ ಯಾಕ್ರಿ?"

ಸಾವ್ಕಾರ್ರು ನನ್ನ ಕಡೆ ನೋಡಿದರು. "ಗಂಡಸರ ಟೀಮಿಗಿ?"

"ಒದ್ಯಾವರು ಗಂಡಸರೋ ಹೆಂಗಸರೋ ಅಂತ ಚೆಂಡಿಗೇನ ಗೊತ್ತಾಗತೈತ್ರಿ?"

ಹಾಗೆ ನಾನು ಡೋಣಿ ಕ್ಲಬ್ಬಿನ ಮುಖ್ಯ ಕೋಚ್ ಆದೆ. ಖುಷಿ ಆಯಿತೇ ಎಂದು ಯಾರಾದರೂ ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ. ಅವತ್ತು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ವಿಜಯಪುರದ ತನಕ ನಿಂತೇ ಹೋದೆ.

ಬೇಸಿಗೆಯ ಶಿಬಿರವನ್ನು ಟಿಕೋಟಾದ ಅದೇ ಶೆಡ್ಡುಗಳಲ್ಲಿ ಇಟ್ಟೆವು. ದ್ರಾಕ್ಷಿ ಒಣಗಿ ಬಾಕ್ಸು ಸೇರಿ, ಕಂಬ, ಜಾಳಿಗೆ ಮಾತ್ರ ಉಳಿದಿದ್ದವು. ಹುಡುಗರು ಒಣದ್ರಾಕ್ಷಿಯ ಬಾಕ್ಸುಗಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡರು. ಬೆಳಗಿನ ಬಿಸಿಲು ಏರುವ ಮುಂಚೆ ಕಂಬಗಳ ನಡುವೆ ಓಡಿಸುತ್ತಿದ್ದೆ. ಎಲ್ಲರ ಅಂಗಿಗೂ ಗಂಧಕದ ವಾಸನೆ ಹತ್ತಿತ್ತು. ಹದಿನೇಳು ವರ್ಷದಿಂದ ನನ್ನನ್ನು ಸುಜಾ ಎಂದು ಕರೆದ ಮಲ್ಲು ಮೊದಲ ದಿನವೇ "ಮೇಡಂ, ಎಷ್ಟ ಸುತ್ತ ಓಡಬೇಕ್ರಿ?" ಎಂದು ಕೇಳಿದ. ಚೇಷ್ಟೆ ಮಾಡುತ್ತಿದ್ದಾನೆಂದು ನೋಡಿದೆ. ಮುಖದಲ್ಲಿ ನಗು ಇರಲಿಲ್ಲ.

ಜೂನಿನಲ್ಲಿ ಲೀಗ್ ಶುರುವಾಯಿತು. ಮೊದಲ ಪಂದ್ಯ ನಮ್ಮ ಮೈದಾನದಲ್ಲೇ. ಬೆಂಚಿನ ಮೇಲೆ ಹೆಸರು ನೋಂದಾಯಿಸಿದವರು ಮಾತ್ರ ಕೂರಬೇಕು. ಉಸ್ತಾದ್ ತಂತಿ ಬೇಲಿಯ ಹೊರಗೆ, ನನ್ನ ಬೆನ್ನಿಗೆ ಸರಿಯಾಗಿ ನಿಂತರು. ಆಟ ಶುರುವಾಗಿ ಐದು ನಿಮಿಷಕ್ಕೆ ಒಂದು ಸಂಗತಿ ಗಮನಕ್ಕೆ ಬಂತು. ನಾನು ಕೂಗಿದಾಗ ಹಳೆಯ ಹುಡುಗರು ನನ್ನ ಕಡೆ ತಿರುಗುತ್ತಿದ್ದರು, ಆದರೆ ಅವರ ಕಣ್ಣು ನನ್ನ ಭುಜದ ಮೇಲಿಂದ ಹಾದು ಬೇಲಿಯ ಕಡೆ ಹೋಗುತ್ತಿತ್ತು. ತಿರುಗಿ ನೋಡಿದರೆ ಉಸ್ತಾದ್ ಎರಡು ಬೆರಳು ಎತ್ತಿ ಹಿಂದೆ ಸರಿಯಿರಿ ಎಂದು ಸನ್ನೆ ಮಾಡುತ್ತಿದ್ದರು.

ಸೋತೆವು. ಬೆಂಗಳೂರಿಗೆ ಹೋಗಿ ಅಲ್ಲಿಯೂ ಸೋತೆವು. ಅಲ್ಲಿ ಎದುರಾಳಿಯ ಮುಂಚೂಣಿ ಆಟಗಾರ ಎರಡು ಸಲ ಮಲ್ಲುವಿನ ಪಕ್ಕದಿಂದಲೇ ಓಡಿ ಗೋಲು ಹೊಡೆದ. ಮಲ್ಲು ತಿರುಗುವಷ್ಟರಲ್ಲಿ ಅವನು ಮುಟ್ಟಬೇಕಾದ ಜಾಗ ಮುಟ್ಟಿದ್ದ.

ಮೂರನೇ ಪಂದ್ಯ ಮತ್ತೆ ನಮ್ಮಲ್ಲಿ. ಸಮ ಸಮ ನಡೆದಿತ್ತು. ನಾನು "ಮುಂದಕ್ಕ ಬರ್ರಿ, ಮುಂದಕ್ಕ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಹೊರಗಿನಿಂದ ಬಂದ ಹುಡುಗರು ಮುಂದೆ ಬಂದರು. ಮಲ್ಲು ಮತ್ತು ಇನ್ನಿಬ್ಬರು ಬೇಲಿಯ ಕಡೆ ನೋಡಿ ಹಿಂದೆ ಸರಿದರು. ನಡುವೆ ಒಂದು ಓಣಿಯಷ್ಟು ಜಾಗ ಬಿತ್ತು. ಗೋಲು ಅಲ್ಲಿಂದಲೇ ಬಂತು.

ಆಟ ಮುಗಿದ ಮೇಲೆ ನಾನು ನೇರ ಬೇಲಿಯ ಹತ್ತಿರ ಹೋದೆ. ಜನ ಇನ್ನೂ ಚದುರಿರಲಿಲ್ಲ. ಸಾವ್ಕಾರ್ರು ಇದ್ದರು, ಹುಡುಗರು ಇದ್ದರು.

"ಉಸ್ತಾದ್, ನಾಳಿಂದ ನೀವು ಮೈದಾನಕ್ಕ ಬರಬ್ಯಾಡ್ರಿ."

"ಏನಂದಿ?"

"ಬರಬ್ಯಾಡ್ರಿ ಅಂದೆ. ಹುಡುಗರು ನನ್ನ ನೋಡವಲ್ರು. ನಿಮ್ಮನ್ನ ನೋಡಾಕತ್ಯಾರ. ಹಿಂಗಾದ್ರ ನಾನೂ ಕೋಚ್ ಅಲ್ಲ, ನೀವೂ ಅಲ್ಲ."

ಅವರು ತಂತಿಯ ಮೇಲಿಟ್ಟಿದ್ದ ಕೈ ತೆಗೆದರು. "ಆತ್ ಬಿಡು" ಅಂದರು. ತಮ್ಮ ಹಳೆಯ ಸ್ಕೂಟರಿನ ಹತ್ತಿರ ಹೋಗಿ ಕಿಕ್ ಹೊಡೆದರು. ಚಾಲೂ ಆಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಬೇರೆ ದಿನವಾಗಿದ್ದರೆ ಹತ್ತು ಜನ ಓಡಿಹೋಗಿ ತಳ್ಳುತ್ತಿದ್ದರು. ಅವತ್ತು ಎಲ್ಲರೂ ನನ್ನ ಮುಖ ನೋಡುತ್ತ ನಿಂತರು, ನಾನೂ ನಿಂತೆ. ಉಸ್ತಾದ್ ಸ್ಕೂಟರನ್ನು ಕೈಯಲ್ಲೇ ತಳ್ಳಿಕೊಂಡು ಹೋದರು.

ಮರುದಿನ ಮಲ್ಲುವನ್ನು ಕರೆದೆ. ಮುಂದಿನ ಪಂದ್ಯದಿಂದ ನೀನು ಬೆಂಚಿನ ಮೇಲೆ ಎಂದೆ.

ಅವನು ಹುಲ್ಲಿನ ಕಡೆ ನೋಡಿದ. "ಮೊದಲ ಉಸ್ತಾದ್. ಈಗ ನಾನು. ಮುಂದ ಯಾರ್ರಿ ಮೇಡಂ?"

ಆ ಹುಲ್ಲಿನ ಕೆಳಗೆ ಇದ್ದದ್ದು ಅವನೇ ಹೇರಿ ತಂದ ಗರಸು. ಅದು ಇಬ್ಬರಿಗೂ ಗೊತ್ತಿತ್ತು. ಅವನು ತಂಡ ಬಿಟ್ಟು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ದಿನವೂ ಸಾರವಾಡದಿಂದ ಬಂದು, ಎಲ್ಲರಿಗಿಂತ ಮೊದಲು ಬೂಟು ಕಟ್ಟಿ, ಮಾತಾಡದೆ ಓಡುತ್ತಿದ್ದ. ಅವನು ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ತಂಡ ಮಾತ್ರ ಸುಧಾರಿಸಿತು. ಮಲ್ಲುವಿನ ಜಾಗದಲ್ಲಿ ಮಣಿಪುರದ ಹುಡುಗ ನಿಂತ. ಗಿಡ್ಡ, ಆದರೆ ಚಿಗರಿಯಂತೆ ಓಡುತ್ತಿದ್ದ. ಒಂದು ಪಂದ್ಯ ಸಮ ಮಾಡಿದೆವು, ಒಂದು ಗೆದ್ದೆವು, ಒಂದು ಸೋತೆವು, ಮತ್ತೆ ಗೆದ್ದೆವು. ಪೇಪರಿನಲ್ಲಿ ನನ್ನ ಫೋಟೋ ಬಂತು. ಸಾಲೆಯ ಮಕ್ಕಳು ಅದನ್ನು ಕತ್ತರಿಸಿ ಸ್ಟಾಫ್ ರೂಮಿನ ಗೋಡೆಗೆ ಹಚ್ಚಿದರು. ನಾನು ಅದರ ಎದುರಿಗೆ ಕೂರದೆ ಬೇರೆ ಕುರ್ಚಿ ಹುಡುಕಿಕೊಂಡೆ.

ಆ ಮೂರು ತಿಂಗಳು ನಾನು ಒಂದು ಕಡೆ ನೆಟ್ಟಗೆ ಕೂತದ್ದು ನೆನಪಿಲ್ಲ. ಬಬಲೇಶ್ವರದಿಂದ ಬಂದು ಇಳಿದ ಮೇಲೆ ಸೊಲ್ಲಾಪುರ ರಸ್ತೆ ತಪ್ಪಿಸಲು ಎರಡು ಗಲ್ಲಿ ಸುತ್ತು ಹಾಕಿ ಹೋಗುತ್ತಿದ್ದೆ. ಸಾಲೆಯಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಸೀಟಿ ಊದಬೇಕಾದಲ್ಲಿ ಊದದೆ, ಬೇಡದಲ್ಲಿ ಊದಿ ಹೆಡ್‌ಮಾಸ್ತರರಿಂದ ಬೈಸಿಕೊಂಡೆ. ಟಿಕೋಟಾಕ್ಕೆ ಹೋದರೆ ಊಟದ ತಟ್ಟೆ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಿದ್ದೆ. "ಕುಂತ ಉಣ್ಣಾಕ ಏನ ಧಾಡಿ ನಿನಗ?" ಎಂದು ಅವ್ವ ಬೈಯುತ್ತಿದ್ದಳು. ಒಂದು ದಿನ ಸುಮ್ಮನೆ, "ದಸ್ತಗೀರ ಭಾಯಿ ಹೆಂಗದಾರ?" ಎಂದು ಕೇಳಿದಳು. ನಾನು ಅನ್ನ ಬಿಟ್ಟು ಕೈ ತೊಳೆದೆ.

ಕೊನೆಯ ಪಂದ್ಯ ಸೆಪ್ಟೆಂಬರಿನಲ್ಲಿ, ನಮ್ಮ ಮೈದಾನದಲ್ಲಿ. ಸಮವಾದರೆ ಮೊದಲ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗೆ. ಕೆಳಗಿಳಿದರೆ ಕ್ಲಬ್ಬನ್ನೇ ಮುಚ್ಚುತ್ತೇನೆ ಎಂದು ಸಾವ್ಕಾರ್ರು ಮೊದಲೇ ಹೇಳಿಬಿಟ್ಟಿದ್ದರು. ಬೆಳಗಿನಿಂದ ಉತ್ತರಿ ಮಳೆ ಹಿಡಿದಿತ್ತು. ಹುಲ್ಲಿನ ಮೇಲೆ ನೀರು ನಿಂತು, ಚೆಂಡು ಉರುಳದೆ ಬಿದ್ದಲ್ಲೇ ಉಳಿಯುತ್ತಿತ್ತು. ನಾವು ಮೊದಲು ಗೋಲು ಹೊಡೆದೆವು, ಅವರು ಅರ್ಧ ಆಟದ ನಂತರ ಸಮ ಮಾಡಿದರು. ಅಲ್ಲಿಂದ ನಮ್ಮ ಹುಡುಗರಿಗೆ ಉಸಿರಾಡಲು ಬಿಡಲಿಲ್ಲ. ನೆಲದ ಮೇಲೆ ಆಡಲು ಆಗದ ಕಾರಣ ಎದುರಾಳಿಗಳು ಚೆಂಡನ್ನು ಎತ್ತಿ ಎತ್ತಿ ನಮ್ಮ ಗೋಲಿನ ಮುಂದೆ ಹಾಕತೊಡಗಿದರು. ಗಿಡ್ಡ ಹುಡುಗನ ತಲೆಯ ಮೇಲಿಂದ ಅದು ಹಾದು ಹೋಗುತ್ತಿತ್ತು.

ಹತ್ತು ನಿಮಿಷ ಉಳಿದಿತ್ತು. ನಾನು ಬೆಂಚಿನ ಕಡೆ ತಿರುಗಿದೆ. ನಾನು ಬಾಯಿ ತೆರೆಯುವ ಮೊದಲೇ ಮಲ್ಲು ಎದ್ದು ಮೇಲಂಗಿ ತೆಗೆದಿದ್ದ.

"ಓಡಬ್ಯಾಡ" ಅಂದೆ. "ಗೋಲಿನ ಮುಂದ ನಿಂತ ಬಿಡು. ಬಂದದ್ದೆಲ್ಲಾ ತಲಿಲೆ ಹೊಡಿ."

"ಅದೊಂದ ಬರತೈತ್ರಿ ನನಗ" ಅಂದ.

ಆ ಹತ್ತು ನಿಮಿಷ ಅವನು ಅಷ್ಟೇ ಮಾಡಿದ. ಎಷ್ಟು ಸಲ ಎಗರಿದನೋ ಲೆಕ್ಕವಿಲ್ಲ. ಕೊನೆಯ ಒಂದು ಸಲ ಚೆಂಡನ್ನು ಹೊರಗೆ ಹೊಡೆದು, ನಮ್ಮ ಗೋಲ್‌ಕೀಪರನನ್ನೂ ಉರುಳಿಸಿಕೊಂಡು ಕೆಸರಿನಲ್ಲಿ ಬಿದ್ದ. ಸೀಟಿ ಊದಿದಾಗ ಅವನಿಗೆ ಏಳಲು ಆಗಲಿಲ್ಲ. ಉಳಿದೆವು. ಸಾವ್ಕಾರ್ರು ಬಿಳಿ ಧೋತರದಲ್ಲೇ ಕೆಸರಿಗಿಳಿದು ಎಲ್ಲರನ್ನೂ ತಬ್ಬಿಕೊಳ್ಳುತ್ತಿದ್ದರು. ಮಲ್ಲು ಎದ್ದು, ಬಾಯಲ್ಲಿನ ಮಣ್ಣು ಉಗುಳಿ, ನನ್ನ ಮುಂದೆ ಬಂದು ನಿಂತ.

"ಸುಜಾ, ಉಸ್ತಾದ್‌ಗ ಹೇಳಾಕ ಯಾರ ಹೋಗ್ತಾರ?"

ನಾನು ಮರುದಿನ ಬೆಳಿಗ್ಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಉಸ್ತಾದ್ ಒಂದು ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಡುತ್ತಿದ್ದರು. ಗುಳ್ಳೆ ಎದ್ದ ಕಡೆ ತೂತು ಇದೆ ಎಂದರ್ಥ. ತಲೆ ಎತ್ತದೆ, "ಮಲ್ಲೂನ್ನ ಆಟಕ್ಕ ಯಾವಾಗ ಇಳಿಸಿದಿ?" ಅಂದರು.

"ಹತ್ತ ನಿಮಿಷ ಉಳದಿತ್ರಿ."

"ಛಲೋ ಮಾಡಿದಿ. ಪೂರಾ ಆಡಿಸಿದ್ರ ಮೂರ ಗೋಲ ತಿಂತಿದ್ರಿ." ಗುಳ್ಳೆ ಎದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದರು. "ಎರಡ ವರ್ಷದಿಂದ ಗೊತ್ತಿತ್ತು ನನಗ, ಅವನ ಕೈಲೆ ಓಡಾಕ ಆಗವಲ್ದು ಅಂತ. ಅವನ ಮಾರಿ ನೋಡಿ ಹೇಳಾಕ ಬಾಯಿ ಬರಲಿಲ್ಲ. ನಾ ಇದ್ದಿದ್ರ ಟೀಮ್ ಕೆಳಗ ಇಳೀತಿತ್ತು."

ಜೋಡಿಸಿಕೊಂಡು ಬಂದದ್ದರಲ್ಲಿ ನಾನು ಹೇಳಿದ್ದು ಇಷ್ಟೇ: "ತಪ್ಪಾತ್ರಿ ಉಸ್ತಾದ್. ಎಲ್ಲಾರ ಮುಂದ ಹಂಗ ಅನಬಾರದಿತ್ತು."

"ಎಲ್ಲಾರ ಮುಂದ ಅಂದದ್ದು ತಪ್ಪು. ಅಂದದ್ದು ತಪ್ಪಲ್ಲ." ಕೈ ಒರೆಸಿಕೊಂಡು ನನ್ನನ್ನು ನೋಡಿದರು. "ಸಿಟ್ಟ ಬಂದಿತ್ತು. ಇನ್ನೂ ಐತಿ. ಅದು ಇರಲಿ. ಧಾರವಾಡದಾಗ ಮತ್ತ ಪರೀಕ್ಷಾ ಯಾವಾಗ?"

"ದೀಪಾವಳಿ ಆದ ಮ್ಯಾಲ."

"ನನಗ ಬರಿಯೂದು ಕಲಸು. ಬೇಲಿ ಹೊರಗ ನಿಂದ್ರೂದು ಸಾಕಾಗೇತಿ."

ಹಾಗೆ ಶುರುವಾಯಿತು. ಸಾಲೆ ಬಿಟ್ಟ ಮೇಲೆ ನಾನೀಗ ಗಲ್ಲಿ ಸುತ್ತದೆ ಸೀದಾ ಸೊಲ್ಲಾಪುರ ರಸ್ತೆಗೆ ಬರುತ್ತಿದ್ದೆ. ಅವರು ಶೆಟರ್ ಅರ್ಧ ಇಳಿಸಿ, ಕೈಗೆ ಸಾಬೂನು ಹಚ್ಚಿ ತೊಳೆದು, ಎರಡು ಗೆರೆಯ ನೋಟ್‌ಬುಕ್ಕು ತೆಗೆಯುತ್ತಿದ್ದರು. ಮೈದಾನದಲ್ಲಿ ಒಂದು ಕಣ್ಣೋಟಕ್ಕೆ ಕಾಣುವುದನ್ನು ಹಾಳೆಯ ಮೇಲೆ ನಾಲ್ಕು ಸಾಲಾಗಿ ಬರೆಯಲು ಅರ್ಧ ತಾಸು ಹಿಡಿಯುತ್ತಿತ್ತು. 'ಉದ್ದೇಶ' ಎಂದು ಬರೆಯುವಾಗ ದಕಾರಕ್ಕೆ ಒತ್ತು ಕೊಡುವುದನ್ನು ದಿನವೂ ಮರೆಯುತ್ತಿದ್ದರು. ನನಗೆ ತಡೆಯಲಾಗುತ್ತಿರಲಿಲ್ಲ. ಎದ್ದು ಅಂಗಡಿಯೊಳಗೆ ಅಡ್ಡಾಡುತ್ತ, "ಲಗೂ ಬರೀರಿ ಉಸ್ತಾದ್, ಪರೀಕ್ಷಾದಾಗ ಇಷ್ಟ ಹೊತ್ತ ಕೊಡೂದಿಲ್ಲ" ಎಂದು ರೇಗಿದೆ ಒಂದು ದಿನ.

ಅವರು ಪೆನ್ನು ಕೆಳಗಿಟ್ಟರು. "ನಿನಗ ಎಡಗಾಲಿಲೆ ಒದ್ಯಾಕ ಬರಾಕ ಎಷ್ಟ ತಿಂಗಳ ಹಿಡೀತು?"

ಒಂದು ಮಳೆಗಾಲ, ಒಂದು ಚಳಿಗಾಲ ಹಿಡಿದಿತ್ತು. ಅಷ್ಟೂ ದಿನ ಅವರು ಒಮ್ಮೆಯೂ ಲಗೂ ಅಂದಿರಲಿಲ್ಲ. ನಾನು ಬಂದು ಸ್ಟೂಲಿನ ಮೇಲೆ ಕೂತೆ. ಅವರು ಮತ್ತೆ ಬರೆಯಲು ಹತ್ತಿದರು.

ನವೆಂಬರಿನಲ್ಲಿ ಧಾರವಾಡಕ್ಕೆ ಜೊತೆಗೆ ಹೋದೆ. ಅವರು ಒಳಗೆ, ನಾನು ಹೊರಗೆ ಬೇವಿನ ಗಿಡದ ಕೆಳಗೆ. "ಕುಂಡ್ರ್ರಿ ಮೇಡಂ, ನೀವು ಅಡ್ಡಾಡಿದ್ರ ಅವರು ಪಾಸಾಗ್ತಾರೇನ್ರಿ?" ಎಂದು ಗೇಟಿನ ಕಾವಲುಗಾರ ನಕ್ಕ. ಅರ್ಧ ತಾಸು ಆಗುವ ಹೊತ್ತಿಗೆ ಕಣ್ಣು ಬಾಗಿಲ ಮೇಲೇ ಇತ್ತು. ಯಾರೂ ಬರಲಿಲ್ಲ. ಒಂದು ತಾಸಾಯಿತು. ಒಂದೂವರೆ ಆಯಿತು. ಒಬ್ಬೊಬ್ಬರೇ ಬರತೊಡಗಿದರು. ಎಲ್ಲ ಎಳೆ ವಯಸ್ಸಿನವರು, ನಗುತ್ತ, ಫೋನು ಹಚ್ಚುತ್ತ. ಉಸ್ತಾದ್ ಬರಲಿಲ್ಲ. ಗಂಟೆ ಬಾರಿಸಿದರು. ಆಗಲೂ ಬರಲಿಲ್ಲ. ನಾನು ಮೆಟ್ಟಿಲು ಹತ್ತಿದೆ.

ಖಾಲಿ ಕೋಣೆಯಲ್ಲಿ ಮೇಲ್ವಿಚಾರಕರು ಮೇಜಿನ ಪಕ್ಕ ಕೈ ಚಾಚಿ ನಿಂತಿದ್ದರು. ಉಸ್ತಾದ್ ಕೊನೆಯ ಸಾಲಿಗೆ ಚುಕ್ಕಿ ಇಟ್ಟು, ಹಾಳೆಗಳನ್ನು ಒಟ್ಟುಗೂಡಿಸಿ, ದಾರ ಕಟ್ಟಿ, ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿ ಕೊಟ್ಟರು. ಹೊರಗೆ ಬಂದಾಗ ಬಲಗೈಯ ಮೂರು ಬೆರಳಿಗೆ ಮಸಿ ಹತ್ತಿತ್ತು.

"ಹೆಂಗಾತ್ರಿ?" ಅಂದೆ.

"ಎರಡ ಹಾಳಿ ಹೆಚ್ಚಿಗಿ ಇಸ್ಕೊಂಡೀನಿ" ಅಂದರು ಉಸ್ತಾದ್.